ಅಳತೆಯ ಮುಚ್ಚಳ

ಊಟಿಗೆ ಹೋಗಿ ನೀಲಗಿರಿ ಎಣ್ಣೆ ತರದೆ ಬಂದವರನ್ನು ನಾನು ಕಂಡಿಲ್ಲ. ನಮ್ಮ ಭಾವನವರೂ ತಂದುಕೊಟ್ಟರು, ಅರ್ಧ ಲೀಟರಿನ ಬಾಟಲಿ. ಪ್ರತಿ ಸಲ ಅಷ್ಟು ದೊಡ್ಡದನ್ನು ಬಗ್ಗಿಸಿದರೆ ಚೆಲ್ಲುತ್ತದೆಂದು, ಕೆಮ್ಮಿನ ಸಿರಪ್ ಖಾಲಿಯಾದ ಕಂದು ಬಾಟಲಿಯೊಂದನ್ನು ತೊಳೆದು ಒಣಗಿಸಿ ಅದಕ್ಕೆ ಸುರಿದಿಟ್ಟುಕೊಂಡವಳು ನಾನೇ. ಲೇಬಲ್ ಕೀಳಲಿಲ್ಲ. ಅಳತೆಯ ಮುಚ್ಚಳವನ್ನೂ ಬಿಸಾಡಲಿಲ್ಲ. ಚೆನ್ನಾಗಿದ್ದದ್ದನ್ನು ಯಾರು ಬಿಸಾಡುತ್ತಾರೆ?

ನನ್ನ ತವರು ಸಾಗರ. ಗುಡಿಗಾರರ ಮನೆಗಳ ಗಂಧದ ಹೊಟ್ಟಿನ ಪರಿಮಳದಲ್ಲಿ ಆಡಿ ಬೆಳೆದವಳಿಗೆ, ಘಮಘಮ ಎನ್ನುವುದು ಕೇಡು ಮಾಡೀತೆಂದು ತೋಚುವುದೇ ಇಲ್ಲ. 2018-19ರಲ್ಲಿ ಅರಳಗೋಡಿನ ಕಡೆ ಮಂಗನ ಕಾಯಿಲೆ ಜೋರಾದಾಗ ಉಣುಗು ಹತ್ತದಿರಲೆಂದು ಆರೋಗ್ಯ ಇಲಾಖೆಯವರು ಹಂಚಿದ ಡಿಎಂಪಿ ತೈಲ ನಮ್ಮಲ್ಲೂ ಇತ್ತು. ಅದು ಕೆಮಿಕಲ್ಲು ಅಂತ ನಾಗಂದಿಗೆಯ ಮೇಲೆ, ಕೈಗೆ ಎಟುಕದ ಹಾಗೆ ಇಟ್ಟಿದ್ದೆ. ನೀಲಗಿರಿ ಎಣ್ಣೆ ಮಾತ್ರ ಅಡುಗೆಮನೆ ಕಿಟಕಿಯಲ್ಲಿ. "ಅತ್ತೆ, ಅದನ್ನೂ ಮೇಲಿಡಿ" ಅಂತ ಸೊಸೆ ಎರಡು ಸಲ ಹೇಳಿದ್ದಳು. "ಎಲೆ ಎಣ್ಣೆ ಮಾರಾಯ್ತಿ, ನಿನ್ನ ಫಿನಾಯಿಲ್ ಅಲ್ಲ" ಅಂದಿದ್ದೆ. ಆ ಮಾತು ಈಗಲೂ ಚುಚ್ಚುತ್ತದೆ.

ಆಷಾಢದ ಒಂದು ಸಂಜೆ. ಮಧ್ಯಾಹ್ನದಿಂದ ಕರೆಂಟಿಲ್ಲ. ಸೊಸೆ ಸಿದ್ದಾಪುರದ ತವರಿಗೆ ಹೋಗಿದ್ದಳು. ಮೂರು ವರ್ಷದ ಮೊಮ್ಮಗನಿಗೆ ಕೆಮ್ಮು. ನಾನು ಬಚ್ಚಲೊಲೆಗೆ ಬೆಂಕಿ ಮಾಡುತ್ತಿದ್ದವಳು ಅಲ್ಲಿಂದಲೇ ಕೂಗಿದೆ, "ಕಿಟಕೀಲಿರೋ ಕೆಮ್ಮಿನ ಔಷಧಿ ಒಂದು ಮುಚ್ಚಳ ಕೊಡಿ." ನಮ್ಮವರಿಗೂ ನೆಗಡಿಯಾಗಿ ಮೂಗು ಕಟ್ಟಿತ್ತು. ಆದರೆ ಅಚ್ಚುಕಟ್ಟಿನ ಮನುಷ್ಯ ನೋಡಿ, ಟಾರ್ಚು ಹಿಡಿದು ಐದು ಎಂಎಲ್ ಗೆರೆಗೆ ಸರಿಯಾಗಿ ಅಳೆದು ಕೊಟ್ಟರಂತೆ.

ಮಗು ಕಿಟಾರನೆ ಕಿರುಚಿತು. ನಾನು ಓಡಿ ಬರುವಷ್ಟರಲ್ಲಿ ವಾಸನೆ ಜಗುಲಿವರೆಗೂ ಹಬ್ಬಿತ್ತು. "ಎಂತ ಕೊಟ್ರಿ?" ಅಂದೆ. "ನೀನು ಹೇಳಿದ್ದೇ" ಅಂದರು. ಆಮೇಲೆ ನಾನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದೆ. ವಾಂತಿಯೇನೋ ಆಯಿತು, ಮಗು ನೆತ್ತಿಗೇರಿ ಕೆಮ್ಮಿ ಕೆಮ್ಮಿ ನೀಲಿಗಟ್ಟಿತು. 108ಕ್ಕೆ ಫೋನು ಹಚ್ಚಿದರೆ ಗಾಡಿ ಜೋಗದ ಕಡೆ ಹೋಗಿದೆ ಅಂದರು. ಪಕ್ಕದ ಮನೆಯ ಹುಡುಗ ಓಮ್ನಿ ತೆಗೆದ. ಸಾಗರಕ್ಕೆ ಹದಿನೈದು ಕಿಲೋಮೀಟರ್.

ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಹತ್ತು ನಿಮಿಷದ ಹಿಂದೆ ಕಿರುಚುತ್ತಿದ್ದ ಮಗುವಿನ ಕತ್ತು ಸೋತು ಹೋಗಿತ್ತು. ಉಸಿರು ಬಿಟ್ಟಾಗಲೆಲ್ಲ ಅದೇ ತಣ್ಣನೆಯ ವಾಸನೆ. ಕೆನ್ನೆ ತಟ್ಟಿದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚುತ್ತಿತ್ತು. ಕೈ ಅದುರಿತು. ರಸ್ತೆಯ ಕುಲುಕಾಟ ಅಂದುಕೊಂಡೆ. ಅಷ್ಟರಲ್ಲಿ ಗಾಳಿಗೆ ಮುರಿದ ಅಕೇಶಿಯಾ ಟೊಂಗೆ ರಸ್ತೆಗೆ ಅಡ್ಡ ಸಿಕ್ಕಿತು, ಹುಡುಗ ಗಾಡಿ ನಿಲ್ಲಿಸಿ ಎಳೆಯಲು ಇಳಿದ. ಗಾಡಿ ನಿಂತಿತ್ತು. ಕೈ ಅದುರುತ್ತಲೇ ಇತ್ತು. ಆಮೇಲೆ ಕಾಲು. ಹಲ್ಲು ಕಚ್ಚಿಕೊಂಡಿತು. ನಾನು ಯಾವ ದೇವರನ್ನು ಕರೆದೆನೋ ನೆನಪಿಲ್ಲ, ನಮ್ಮವರು ಮಾತ್ರ "ಗೆರೆಗೇ ಹಾಕಿದ್ದೆ, ಗೆರೆಗೇ ಹಾಕಿದ್ದೆ" ಅಂತ ಹೇಳುತ್ತಲೇ ಇದ್ದರು.

ಆಸ್ಪತ್ರೆಯ ಹೆಸರು ಬೇಡ. ಕೌಂಟರಿನಲ್ಲಿದ್ದ ಪುಣ್ಯಾತ್ಮ ಸೆಟೆದುಕೊಂಡ ಮಗುವನ್ನು ನೋಡಿಯೂ ಆಧಾರ್ ಕಾರ್ಡ್ ಕೇಳಿದ. ಒಳಗಿದ್ದ ಡಾಕ್ಟರಮ್ಮ ಓಡಿಬಂದು ಮಗ್ಗುಲಾಗಿ ಮಲಗಿಸಿ, ಆಕ್ಸಿಜನ್ ಹಚ್ಚಿ, ಇಂಜೆಕ್ಷನ್ ಕೊಟ್ಟು ಫಿಟ್ಸ್ ನಿಲ್ಲಿಸಿದರು. "ಬಾಟಲಿ ಎಲ್ಲಿ?" ಮನೆಯಲ್ಲಿ. "ವಾಂತಿ ಯಾಕೆ ಮಾಡಿಸಿದಿರಿ?" ಉತ್ತರವಿಲ್ಲ. ಹೊಟ್ಟೆಯಲ್ಲಿದ್ದ ಎಣ್ಣೆ ವಾಂತಿಯಲ್ಲಿ ಮೇಲೆ ಬರುವಾಗ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿ ಬೇರೆಯೇ ನ್ಯುಮೋನಿಯಾ ಶುರುವಾಗುತ್ತದಂತೆ. ಮಾರನೆಯ ದಿನದ ಎಕ್ಸ್‌ರೇಯಲ್ಲಿ ಬಲಗಡೆ ಮಬ್ಬು ಕಂಡಿತು. ಅದು ಎಣ್ಣೆಯ ಕೆಲಸವೋ ನನ್ನ ಉಪ್ಪುನೀರಿನ ಕೆಲಸವೋ ಎಂದು ನಾನು ಕೇಳಲಿಲ್ಲ. ಐದನೆಯ ದಿನ ಮನೆಗೆ ಬಂದೆವು.

ನೂರು ಕಿಲೋ ಎಲೆಯನ್ನು ಹಬೆಯಲ್ಲಿ ಬೇಯಿಸಿದರೆ ಸಿಗುವುದು ಒಂದೆರಡು ಕಿಲೋ ಎಣ್ಣೆ. ಎಲೆ ಎಣ್ಣೆ ಎಂದರೆ ಎಲೆಯಲ್ಲ, ರಾಶಿ ಎಲೆಯ ಸತ್ವ ಒಂದು ಚಮಚದೊಳಗೆ. ಅದರಲ್ಲಿ ಹೆಚ್ಚಿನ ಪಾಲು ಸಿನಿಯೋಲ್. ನುಂಗಿದರೆ ನೇರ ಮಿದುಳಿಗೇ ಹೊಡೆತ, ಸಣ್ಣ ಮಕ್ಕಳಿಗೆ ಒಂದು ಚಮಚವೇ ಸಾಕು. ಪೂಜೆಯ ಕರ್ಪೂರವೂ ಇದೇ ಜಾತಿ, ಮಕ್ಕಳು ಕಲ್ಲುಸಕ್ಕರೆ ಅಂದುಕೊಂಡು ತಿಂದರೆ ಫಿಟ್ಸ್ ಬರುತ್ತದೆ.

ಇನ್ನು ನನ್ನ ಉಪದೇಶ. ಎಣ್ಣೆ ಬಂದ ಬಾಟಲಿಯಲ್ಲೇ ಇರಲಿ, ಬೀಗದ ಕಪಾಟಿನಲ್ಲಿ. ಕೂಸುಗಳ ಮೂಗಿನ ಹತ್ತಿರ ಹಚ್ಚಬೇಡಿ, ಉಸಿರೇ ಕಟ್ಟಬಹುದು. ದೊಡ್ಡವರು ಮೈಗೆ ಹಚ್ಚುವುದಾದರೆ ಒಂದು ಚಮಚ ಕೊಬ್ಬರಿ ಎಣ್ಣೆಗೆ ಎರಡು ಹನಿ. ಸ್ನಾನದ ನೀರಿಗೆ ಹಾಕಿದರೆ ಬೆರೆಯದೆ ಮೇಲೆ ತೇಲಿ ಚರ್ಮ ಸುಡುತ್ತದೆ. ಲವಂಗದ ಎಣ್ಣೆ ಹಾಗೇ ಒತ್ತಿ ನನ್ನ ವಸಡೇ ಬೆಂದಿದೆ. ಯಾರಾದರೂ ಕುಡಿದರೆ ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಓಡಿ. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ನಂಬರು 1800 116 117, ನಮ್ಮ ಫ್ರಿಜ್ಜಿನ ಮೇಲೆ ಸೊಸೆಯೇ ಅಂಟಿಸಿ ಹೋಗಿದ್ದಾಳೆ. ಬೇರೇನೂ ಅನ್ನಲಿಲ್ಲ, ಅಂದಿದ್ದರೇ ಚೆನ್ನಾಗಿತ್ತು.

ಮೂಗು ಕಟ್ಟಿದ್ದರೇನು, ಕಣ್ಣಿರಲಿಲ್ಲವೇ, ಸಿರಪ್ ಇಷ್ಟು ತೆಳ್ಳಗಿರುತ್ತದೆಯೇ ಅಂತ ನಾನು ಈಗಲೂ ಕೇಳುತ್ತೇನೆ. "ತುಂಬ್ಸಿಟ್ಟಿದ್ದು ಯಾರು?" ಅಂತ ಅವರು. ಕಷಾಯ ಕೊಟ್ಟರೂ ಲೋಟವನ್ನು ಮೂಸಿ ನೋಡಿಯೇ ಕುಡಿಯುತ್ತಾರೆ, ಅದೂ ನಾನು ಎದುರಿಗಿದ್ದಾಗ.