ಡೇಟಾಬೇಸ್ ಸರ್ವರ್‌ನ ಸಕ್ರಿಯ ಸಂಪರ್ಕಗಳು: ‘ಭೂಮಿ’ಯ ಹಿನ್ನೆಲೆಯಲ್ಲಿ

ಮುಳವಾಡ ಎಂಬ ಊರಿನ ಹೆಸರು ಕೇಳಿದೊಡನೆ ಪರೀಕ್ಷಾರ್ಥಿಗೆ ನೆನಪಾಗುವುದು ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಏತ ನೀರಾವರಿ. ಅಲ್ಲಿನ ಹೊಲಗಳ ಪಹಣಿ ಇರುವುದು ‘ಭೂಮಿ’ ಡೇಟಾಬೇಸ್‌ನಲ್ಲಿ. ಕಂದಾಯ ಇಲಾಖೆಯ ಈ ಭೂದಾಖಲೆ ಯೋಜನೆಗೆ ತಂತ್ರಾಂಶ ಕೊಟ್ಟದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಇಸ್ರೋ ಎಂದು ಗುರುತು ಹಾಕಿ ಅಂಕ ಕಳೆದುಕೊಳ್ಳಬೇಡಿ).

ಪಹಣಿ ಕೇಳಿದಾಗ ಗಣಕದಿಂದ ಸರ್ವರ್‌ಗೆ ಟಿಸಿಪಿ ಸಂಪರ್ಕ ಏರ್ಪಡುತ್ತದೆ. ಈ ಕ್ಷಣ ಯಾರು ಯಾರು ಸಂಪರ್ಕದಲ್ಲಿದ್ದಾರೆ ಎಂದು ತೋರಿಸುವ ಆದೇಶ ‘ನೆಟ್‌ಸ್ಟಾಟ್’. ಲಿನಕ್ಸ್‌ನಲ್ಲಿ ಈಗ ‘ಎಸ್‌ಎಸ್’ ಹೆಚ್ಚು ಬಳಕೆಯಲ್ಲಿದೆ. ಒಂದೊಂದು ಸಾಲಿನಲ್ಲೂ ಎರಡೂ ತುದಿಯ ಐಪಿ ವಿಳಾಸ, ಪೋರ್ಟ್ ಸಂಖ್ಯೆ, ಸ್ಥಿತಿ ಇರುತ್ತವೆ. ‘ಲಿಸನ್’ ಎಂದರೆ ಸರ್ವರ್ ಕರೆಗೆ ಕಾಯುತ್ತಿದೆ, ‘ಎಸ್ಟಾಬ್ಲಿಷ್ಡ್’ ಎಂದರೆ ಸಂಪರ್ಕ ಜೀವಂತ, ‘ಟೈಮ್ ವೇಟ್’ ಎಂದರೆ ಮುಗಿದರೂ ಸ್ವಲ್ಪ ಹೊತ್ತು ಉಳಿದ ಗುರುತು. ಕೊನೆಯದನ್ನು ಸಕ್ರಿಯವೆಂದು ಎಣಿಸುವುದೇ ಸಾಮಾನ್ಯ ತಪ್ಪು.

ಸಂಪರ್ಕ ಯಾವ ಡೇಟಾಬೇಸ್‌ನದು ಎಂದು ಗುರುತಿಸಲು ಅವುಗಳ ಪೂರ್ವನಿಗದಿತ ಪೋರ್ಟ್‌ಗಳನ್ನು ಬಾಯಿಪಾಠ ಮಾಡಲೇಬೇಕು: ಎಸ್‌ಕ್ಯೂಎಲ್ ಸರ್ವರ್ 1433, ಒರಾಕಲ್ 1521, ಮೈಎಸ್‌ಕ್ಯೂಎಲ್ 3306, ಪೋಸ್ಟ್‌ಗ್ರೆಸ್ 5432. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಏಕಕಾಲಕ್ಕೆ 100 ಸಂಪರ್ಕ ಒಪ್ಪುತ್ತದೆ, ಮೈಎಸ್‌ಕ್ಯೂಎಲ್ 151, ಮಿತಿಯನ್ನು ಬದಲಿಸಬಹುದು. ಅಪರಿಚಿತ ಐಪಿಯಿಂದ ಸಂಪರ್ಕ ಕಂಡರೆ ಮೊದಲು ನೋಡಬೇಕಾದ್ದು ಫೈರ್‌ವಾಲ್ ನಿಯಮ.