ಭೂಮಿಯನ್ನು ಹಂಚಿದ ಕೌಂಟ್ : ಮಿಹಾಯ್ ಕಾರೋಯಿ

ಉನ್ನತ ವಂಶದಲ್ಲಿ ಹುಟ್ಟುವುದು ಯಾರ ಸಾಧನೆಯೂ ಅಲ್ಲ. ವಂಶದಿಂದ ಬಂದ ಸಂಪತ್ತನ್ನು ಏನು ಮಾಡಿದನೆಂಬುದರಿಂದ ಮನುಷ್ಯನ ಯೋಗ್ಯತೆಯನ್ನು ಅಳೆಯಬೇಕು. ಈ ದೃಷ್ಟಿಯಿಂದ ಹಂಗೆರಿ ದೇಶದ ಕೌಂಟ್ ಮಿಹಾಯ್ ಕಾರೋಯಿಯ ಚರಿತ್ರೆಯು ವಿದ್ಯಾರ್ಥಿಗಳು ಅಭ್ಯಸಿಸತಕ್ಕುದಾಗಿದೆ.

ಕಾರೋಯಿಯು 1875ರ ಮಾರ್ಚ್ 4ರಂದು ಬುಡಾಪೆಸ್ಟ್ ನಗರದಲ್ಲಿ ಜನಿಸಿದನು. ಅವನದು ಹಂಗೆರಿಯ ಅತಿ ದೊಡ್ಡ ಜಮೀನ್ದಾರಿ ಮನೆತನಗಳಲ್ಲೊಂದು. ಆದರೆ ಹುಟ್ಟಿನಿಂದಲೇ ತುಟಿಯೂ ಅಂಗಳವೂ ಸೀಳಿದ್ದುದರಿಂದ ಬಾಲಕನ ಮಾತು ಸ್ಪಷ್ಟವಾಗಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಅವನು ಸತತ ಅಭ್ಯಾಸದಿಂದ ಮಾತನ್ನು ಒಲಿಸಿಕೊಂಡು, ಮುಂದೆ ಪಾರ್ಲಿಮೆಂಟಿನಲ್ಲಿ ಭಾಷಣಕಾರನಾದನು.

ಆಗ ಹಂಗೆರಿಯೂ ಆಸ್ಟ್ರಿಯವೂ ಒಬ್ಬನೇ ಅರಸನ ಆಳ್ವಿಕೆಯಲ್ಲಿದ್ದವು. ಹಂಗೆರಿಯ ಭೂಮಿಯ ಬಹು ದೊಡ್ಡ ಪಾಲು ಕೆಲವೇ ಮನೆತನಗಳ ಕೈಯಲ್ಲಿತ್ತು. ಲಕ್ಷಾಂತರ ರೈತರಿಗೆ ಸ್ವಂತ ಹೊಲವೂ ಇರಲಿಲ್ಲ, ಮತದ ಹಕ್ಕೂ ಇರಲಿಲ್ಲ. ಕಾರೋಯಿಯು ಇವೆರಡೂ ಅವರಿಗೆ ಸಲ್ಲಬೇಕೆಂದು ವಾದಿಸಿ ಸ್ವವರ್ಗದವರ ವೈರವನ್ನು ಕಟ್ಟಿಕೊಂಡನು. ಮೊದಲನೆಯ ಮಹಾಯುದ್ಧದ ನಡುವೆ, 1916ರಲ್ಲಿ, ತನ್ನದೇ ಪಕ್ಷವನ್ನು ಸ್ಥಾಪಿಸಿ ಶಾಂತಿಗಾಗಿ ದನಿಯೆತ್ತಿದನು.

ಯುದ್ಧದಲ್ಲಿ ಸೋಲು ಖಚಿತವಾದಾಗ, 1918ರ ಅಕ್ಟೋಬರ್ 31ರಂದು ಅವನು ಪ್ರಧಾನಮಂತ್ರಿಯಾದನು. ನವೆಂಬರ್ 16ರಂದು ಹಂಗೆರಿಯು ಗಣರಾಜ್ಯವಾಯಿತು. 1919ರ ಜನವರಿಯಲ್ಲಿ ಅವನೇ ಅದರ ಅಧ್ಯಕ್ಷನಾದನು. ಫೆಬ್ರುವರಿಯಲ್ಲಿ ಬಂದ ಹೊಸ ಕಾಯಿದೆಯು, ಸುಮಾರು 700 ಎಕರೆಗೆ ಮೀರಿದ ಜಮೀನನ್ನು ಪರಿಹಾರ ಕೊಟ್ಟು ರೈತರಿಗೆ ಹಂಚಬೇಕೆಂದು ವಿಧಿಸಿತು. ಕಾಯಿದೆಯನ್ನು ಇತರರ ಹೊಲದಿಂದ ಆರಂಭಿಸುವುದು ಸುಲಭವಾಗಿತ್ತು. ಕಾರೋಯಿಯು ಹಾಗೆ ಮಾಡಲಿಲ್ಲ. ಫೆಬ್ರುವರಿ 23ರಂದು ಕಾಪೋಲ್ನಾ ಎಂಬ ಗ್ರಾಮಕ್ಕೆ ಹೋಗಿ ತನ್ನ ಸ್ವಂತ ಜಮೀನನ್ನೇ ಮೊದಲು ಹಂಚತೊಡಗಿದನು.

ಆದರೆ ಕಾಲವು ಅವನಿಗೆ ಒಲಿಯಲಿಲ್ಲ. ಪ್ರಜಾಪ್ರಭುತ್ವವನ್ನು ಒಪ್ಪಿಕೊಂಡ ದೇಶಕ್ಕೆ ವಿಜಯೀ ರಾಷ್ಟ್ರಗಳು ನ್ಯಾಯ ದೊರಕಿಸುವುವೆಂದು ಅವನು ನಂಬಿದ್ದನು. ನೆರೆಯ ಸೈನ್ಯಗಳು ಒಳನುಗ್ಗುತ್ತಿದ್ದವು. ಮಾರ್ಚ್ 20ರಂದು, ಹಂಗೆರಿಯ ಸೈನ್ಯವು ಇನ್ನಷ್ಟು ಹಿಂದೆಗೆಯಬೇಕೆಂಬ ಆಜ್ಞೆ ವಿಜೇತರಿಂದ ಬಂದಿತು. ಮರುದಿನ ಬೇಲಾ ಕುನ್‌ನ ಕಮ್ಯುನಿಸ್ಟರು ಅಧಿಕಾರ ಹಿಡಿದರು. ಭೂಹಂಚಿಕೆ ಅಲ್ಲಿಗೇ ನಿಂತಿತು. ಕಾರೋಯಿಯು ಸುಮಾರು 27 ವರ್ಷ ಪರದೇಶವಾಸಿಯಾದನು; ಸ್ವದೇಶದ ನ್ಯಾಯಾಲಯವು ಅವನನ್ನು ದ್ರೋಹಿಯೆಂದು ನಿರ್ಣಯಿಸಿ ಆಸ್ತಿಯನ್ನು ಮುಟ್ಟುಗೋಲು ಹಾಕಿಸಿತು.

1946ರಲ್ಲಿ ಹಿಂದಿರುಗಿದ ವೃದ್ಧನನ್ನು 1947ರಲ್ಲಿ ಪ್ಯಾರಿಸ್‌ಗೆ ರಾಯಭಾರಿಯಾಗಿ ಕಳುಹಿಸಲಾಯಿತು. 1949ರಲ್ಲಿ ಮಾಜಿ ವಿದೇಶಾಂಗ ಮಂತ್ರಿ ಲಾಸ್ಲೋ ರಾಯ್ಕ್‌ನ ಮೇಲೆ ಸುಳ್ಳು ಆರೋಪ ಹೊರಿಸಿ ಅಂದಿನ ಸರಕಾರವು ಅವನನ್ನು ಗಲ್ಲಿಗೇರಿಸಿತು. ಕಾರೋಯಿಯು ಆ ಸರಕಾರವನ್ನು ಪ್ರತಿಭಟಿಸಿ ಪದವಿಯನ್ನು ತ್ಯಜಿಸಿದನು. 1955ರ ಮಾರ್ಚ್ 19ರಂದು ಫ್ರಾನ್ಸಿನ ವಾನ್ಸ್ ಎಂಬಲ್ಲಿ ತೀರಿಕೊಂಡನು.

1920ರ ಟ್ರಿಯಾನೋನ್ ಒಪ್ಪಂದದಿಂದ ಹಂಗೆರಿಯು ತನ್ನ ಭೂಭಾಗದ ಮೂರರಲ್ಲಿ ಎರಡು ಪಾಲನ್ನು ಕಳೆದುಕೊಂಡಿತು. ಅದಕ್ಕೆ ಕಾರೋಯಿಯ ದೌರ್ಬಲ್ಯವೇ ಕಾರಣವೆನ್ನುವವರು ಅವನ ದೇಶದಲ್ಲಿ ಅನೇಕರಿದ್ದಾರೆ. 1975ರಲ್ಲಿ ಪಾರ್ಲಿಮೆಂಟಿನ ಬಳಿ ನಿಲ್ಲಿಸಿದ ಅವನ ಪ್ರತಿಮೆಯನ್ನು 2012ರಲ್ಲಿ ತೆಗೆದು, ಬಳಿಕ ಶಿಯೋಫೋಕ್ ಪಟ್ಟಣಕ್ಕೆ ಸಾಗಿಸಲಾಯಿತು. ಅವನ ರಾಜಕಾರ್ಯದ ಗುಣದೋಷಗಳನ್ನು ಇತಿಹಾಸಕಾರರು ತೂಗಲಿ. ಅನ್ಯರಿಗೆ ವಿಧಿಸಿದ ನಿಯಮಕ್ಕೆ ಮೊದಲು ತಾನೇ ತಲೆಬಾಗಿದನೆಂಬುದು ಮಾತ್ರ ಕಾಪೋಲ್ನಾದ ಹೊಲಗಳಲ್ಲಿ ಸಿದ್ಧವಾದ ಮಾತು. ನಾಳೆ ಅಧಿಕಾರ ವಹಿಸಲಿರುವ ಇಂದಿನ ವಿದ್ಯಾರ್ಥಿಗಳು ಅದನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು.