ಮಹಾಪ್ರಬಂಧ, ಮಗು ಮತ್ತು ತಾಯಿಯ ನಿದ್ದೆ

ರಾತ್ರಿ ಹನ್ನೊಂದು ಗಂಟೆ. ಮಗು ಈಗಷ್ಟೇ ಮಲಗಿದೆ. ತಾಯಿ ಹಗಲೆಲ್ಲ ಕಾಲೇಜಿನಲ್ಲಿ ಪಾಠ ಮಾಡಿ, ಉತ್ತರ ಪತ್ರಿಕೆ ತಿದ್ದಿ, ಸಂಜೆ ಮನೆಗೆ ಬಂದು ಅಡುಗೆ ಮುಗಿಸಿದ್ದಾಳೆ. 'ಇನ್ನು ನನ್ನ ಸಮಯ' ಎಂದು ದೊಡ್ಡ ಲೋಟ ಕಾಫಿಯೊಂದಿಗೆ ಪಿಎಚ್.ಡಿ. ಅಧ್ಯಾಯದ ಮುಂದೆ ಕೂರುತ್ತಾಳೆ. ಎರಡು ಗಂಟೆಗೆ ಮಲಗಿದರೆ ಮೂರಕ್ಕೆ ಮಗು ಅಳುತ್ತದೆ. ಆರಕ್ಕೆ ಮತ್ತೆ ಏಳಬೇಕು.

ಇಂಥ ತಾಯಿ ನಿಮ್ಮ ಮಗಳೋ ಸೊಸೆಯೋ ಆಗಿರಬಹುದು, ನೀವೇ ಆಗಿರಬಹುದು. ಕೆಲ ತಿಂಗಳಲ್ಲಿ ತಲೆನೋವು, ಮರೆವು, ಸಿಡುಕು ಶುರುವಾಗುತ್ತವೆ. ಒಂದೇ ಪುಟವನ್ನು ಮೂರು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. 'ನಾನು ಸೋಮಾರಿಯಾಗಿಬಿಟ್ಟೆ' ಎಂದು ಆಕೆ ತನ್ನನ್ನೇ ಬೈದುಕೊಳ್ಳುತ್ತಾಳೆ. ಇದು ಸೋಮಾರಿತನವಲ್ಲ. ಹೆಚ್ಚಿನ ಸಲ ಇದು ನಿದ್ದೆಯ ಸಾಲ.

ನಿದ್ದೆಯೂ ಓದಿನ ಭಾಗ

ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಮೊದಲ ಸುತ್ತುಗಳಲ್ಲಿ ಗಾಢ ನಿದ್ದೆ ಹೆಚ್ಚು. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದೂ ನಿದ್ದೆಯಲ್ಲಿಯೇ. ಆದ್ದರಿಂದ ನಿದ್ದೆ ಕದ್ದು ಓದಿಗೆ ಕೊಟ್ಟರೆ ನಷ್ಟ ಓದಿಗೇ ಆಗುತ್ತದೆ. ರಾತ್ರಿಯ ಕಾಫಿಯೂ ಉಪಕಾರ ಮಾಡುವುದಿಲ್ಲ. ಅದರ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು 5 ಗಂಟೆಯ ನಂತರವೂ ದೇಹದಲ್ಲಿ ಉಳಿದಿರುತ್ತದೆ. ಮಧ್ಯಾಹ್ನದ ನಂತರ ಕಾಫಿ ಬಿಡುವುದು ಒಳ್ಳೆಯದು.

ರಾತ್ರಿಯನ್ನು ಹಂಚಿಕೊಳ್ಳಿ

ಚಿಕ್ಕ ಮಗು ಇರುವ ಮನೆಯಲ್ಲಿ 7 ಗಂಟೆ ಒಟ್ಟಿಗೆ ಸಿಗುವುದು ಕಷ್ಟ, ನಿಜ. ಆದರೆ ನಡುವೆ ಯಾರೂ ಎಬ್ಬಿಸದ ನಾಲ್ಕೈದು ಗಂಟೆಯನ್ನಾದರೂ ತಾಯಿಗೆ ಉಳಿಸಿಕೊಡಿ. ಉದಾಹರಣೆಗೆ, ರಾತ್ರಿ 9ರಿಂದ 2ರವರೆಗೆ ಮಗು ತಂದೆಯ ಅಥವಾ ಅಜ್ಜಿಯ ಹೊಣೆ, ಅನಂತರ ತಾಯಿಯದು. ಹಗಲು ಮಗು ಮಲಗಿದಾಗ ಪಾತ್ರೆ, ಬಟ್ಟೆ ಕಾಯಲಿ. ತಾಯಿ ಅರ್ಧ ಗಂಟೆ ಮಲಗಲಿ. ಬರವಣಿಗೆಗೆ ವಾರದಲ್ಲಿ ಎರಡು ಹಗಲು ಹೊತ್ತು ಗೊತ್ತುಮಾಡಿ. ಆ ಹೊತ್ತಿನಲ್ಲಿ 'ಸ್ವಲ್ಪ ಬಂದು ಹೋಗಮ್ಮ' ಎಂದು ಯಾರೂ ಕರೆಯಬಾರದು.

ಮೊದಲ 6 ತಿಂಗಳು ಮಗುವಿಗೆ ಎದೆಹಾಲು ಮಾತ್ರ ಸಾಕು. ತಾಯಿ ಗ್ರಂಥಾಲಯಕ್ಕೋ ಮಾರ್ಗದರ್ಶಕರ ಭೇಟಿಗೋ ಹೋಗುವಾಗ, ಇಲ್ಲವೇ ರಾತ್ರಿ ಮಲಗುವ ಮುನ್ನ, ಹಾಲನ್ನು ಶುಚಿಯಾದ ಪಾತ್ರೆಗೆ ಹಿಂಡಿಡಬಹುದು. ತಂಪಾದ ಕೋಣೆಯಲ್ಲಿ ಅದು 4 ಗಂಟೆ ಕೆಡುವುದಿಲ್ಲ. ಬೇಸಿಗೆಯಲ್ಲಿ ನೇರವಾಗಿ ಫ್ರಿಜ್‌ನಲ್ಲಿಡುವುದೇ ಲೇಸು, ಅಲ್ಲಿ 4 ದಿನ ಇರುತ್ತದೆ. ಕಾಯಿಸಬೇಡಿ, ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಒಳಲೆಯಲ್ಲಿ ಅಥವಾ ಚಮಚದಲ್ಲಿ ಕುಡಿಸಿ.

ದಣಿವೋ, ಕಾಯಿಲೆಯೋ?

ನಾಲ್ಕು ದಿನ ಚೆನ್ನಾಗಿ ಮಲಗಿದರೂ ದಣಿವು ಹೋಗದಿದ್ದರೆ ವೈದ್ಯರನ್ನು ಕಾಣಿ. ಹೆರಿಗೆಯ ನಂತರ ರಕ್ತಹೀನತೆ ಸಾಮಾನ್ಯ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ಚಿಕಿತ್ಸೆ ಬೇಕು. ಮೊದಲ ವರ್ಷದಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸವೂ ಏರುಪೇರಾಗಬಹುದು. ಎರಡೂ ರಕ್ತಪರೀಕ್ಷೆಯಲ್ಲಿ ತಿಳಿಯುತ್ತವೆ.

ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಹಜ. ಅದು ತಾನಾಗಿ ಕಡಿಮೆಯಾಗುತ್ತದೆ. ಆದರೆ ಬೇಸರ ಎರಡು ವಾರ ದಾಟಿದರೆ, ಮಗು ಮಲಗಿದ್ದರೂ ನಿದ್ದೆ ಬಾರದಿದ್ದರೆ, ಮಗುವಿನಲ್ಲೂ ಓದಿನಲ್ಲೂ ಆಸಕ್ತಿ ಬತ್ತಿದರೆ, 'ನಾನು ಯಾವುದಕ್ಕೂ ಲಾಯಕ್ಕಿಲ್ಲ' ಎಂಬ ಮಾತು ಮತ್ತೆ ಮತ್ತೆ ಬಂದರೆ ಅದು ಖಿನ್ನತೆಯಿರಬಹುದು. 'ಓದು ಬಿಡು, ಎಲ್ಲ ಸರಿಹೋಗುತ್ತದೆ' ಎಂಬುದು ಇದಕ್ಕೆ ಮದ್ದಲ್ಲ. ಆಪ್ತಸಲಹೆಯಿದೆ, ಹಾಲುಣಿಸುವಾಗಲೂ ವೈದ್ಯರು ಕೊಡಬಹುದಾದ ಔಷಧಗಳಿವೆ. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಉಚಿತ ಸಹಾಯವಾಣಿಗೆ 14416ರಲ್ಲಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು, ಮಗುವಿಗೆ ಏನಾದರೂ ಮಾಡಿಬಿಟ್ಟೇನು ಎಂಬ ಯೋಚನೆ, ಯಾರೋ ಮಾತನಾಡಿದಂತೆ ಕೇಳಿಸುವುದು—ಇವುಗಳಲ್ಲಿ ಒಂದು ಕಂಡರೂ ಆಕೆಯನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ತಂದೆಯರಿಗೂ ಖಿನ್ನತೆ ಬರಬಹುದು ಎಂಬುದನ್ನು ಮರೆಯಬೇಡಿ.

ಗಡುವು ನೀವೆಣಿಸಿದಷ್ಟು ಬಿಗಿಯಲ್ಲ

ಇಷ್ಟೆಲ್ಲ ನಿದ್ದೆಗೆಡಲು ಮುಖ್ಯ ಕಾರಣ ಗಡುವಿನ ಭಯ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳಲ್ಲಿ ಪಿಎಚ್.ಡಿ.ಗೆ 6 ವರ್ಷಗಳ ಕಾಲಾವಕಾಶವಿದೆ. ಮರುನೋಂದಣಿಯಿಂದ 2 ವರ್ಷ, ಮಹಿಳೆಯರಿಗೆ ಇನ್ನೂ 2 ವರ್ಷ ಸಿಗಬಹುದು. ಒಟ್ಟು 10 ವರ್ಷ ಮೀರುವಂತಿಲ್ಲ. ಹೆರಿಗೆ ಅಥವಾ ಶಿಶುಪಾಲನೆಗಾಗಿ ಒಟ್ಟು ಅವಧಿಯಲ್ಲಿ 240 ದಿನಗಳವರೆಗೆ ರಜೆ ಕೊಡಲೂ ಅವಕಾಶವಿದೆ. ಇದನ್ನು ಕೇಳುವುದು ಸೋಲಲ್ಲ. ಮಾರ್ಗದರ್ಶಕರಿಗೆ ಬಾಯಲ್ಲಿ ಹೇಳಿ ಸುಮ್ಮನಾಗದೆ, ಅರ್ಜಿಯನ್ನು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ಪ್ರಬಂಧವನ್ನು ಆರು ತಿಂಗಳು ತಡವಾಗಿ ಒಪ್ಪಿಸಬಹುದು. ಕೆಟ್ಟ ಆರೋಗ್ಯಕ್ಕೆ ಅಂಥ ಮರುನೋಂದಣಿ ಇಲ್ಲ. ಈ ರಾತ್ರಿ ನಿಮ್ಮ ಮನೆಯಲ್ಲಿ ಮಗು ಅತ್ತಾಗ ಏಳುವ ಸರದಿ ಯಾರದೆಂದು ಊಟಕ್ಕೆ ಕುಳಿತಾಗಲೇ ಮಾತಾಡಿ ತೀರ್ಮಾನಿಸಿಕೊಳ್ಳಿ.